ಹಳೆಯ ಕ್ಯಾಸೆಟ್ಟೂ ಹೊಸ ತೆರೆಯೂ

ಹಿಂದೆ ನಮ್ಮ ಮನೆಗಳ ಅಟ್ಟಗಳಲ್ಲಿ ತಾಳೆಯೋಲೆಯ ಕಟ್ಟುಗಳಿರುತ್ತಿದ್ದುವು. ಕ್ರಮೇಣ ಅವುಗಳ ಪಕ್ಕಕ್ಕೆ ಜಾತಕ, ಪತ್ರ, ಭಾವಚಿತ್ರಗಳ ಪೆಟ್ಟಿಗೆಗಳು ಬಂದು ಸೇರಿದುವು. ಈಗ ಯಾವ ಗೃಹಸ್ಥನ ಅಟ್ಟವನ್ನು ಹತ್ತಿ ನೋಡಿದರೂ ಕರಿಯ ಇಟ್ಟಿಗೆಯಂತಹ ನಾಲ್ಕಾರು ವಿಡಿಯೊ ಕ್ಯಾಸೆಟ್ಟುಗಳು ಅಲ್ಲಿ ಧೂಳು ತಿನ್ನುತ್ತಿರುವುದು ಕಂಡುಬರುತ್ತದೆ. ಮದುವೆ, ಉಪನಯನ, ನಾಮಕರಣ, ಷಷ್ಟ್ಯಬ್ದಪೂರ್ತಿ ಎಂದು ಸುಮಾರು ಇಪ್ಪತ್ತು ವರ್ಷಗಳ ಕಾಲ ನಮ್ಮ ಮನೆಗಳ ಶುಭಕಾರ್ಯಗಳೆಲ್ಲ ಇವುಗಳಲ್ಲಿಯೇ ಅಡಗಿ ಕುಳಿತಿವೆ. ತಾಳೆಯೋಲೆಯನ್ನಾದರೋ ದೀಪದ ಬೆಳಕೊಂದಿದ್ದರೆ ಓದಬಹುದು. ಕ್ಯಾಸೆಟ್ಟು ಹಾಗಲ್ಲ. ಅದನ್ನು ಓದುವುದಕ್ಕೆ ಒಂದು ಯಂತ್ರ ಬೇಕು; ಓದಿದುದನ್ನು ತೋರಿಸುವುದಕ್ಕೆ ಒಂದು ತೆರೆ ಬೇಕು. ಯಂತ್ರವನ್ನು ಜೋಪಾನ ಮಾಡಿ, ಹಳೆಯ ಟೆಲಿವಿಷನ್ನನ್ನು ಗುಜರಿಯವನಿಗೆ ಕೊಟ್ಟು, ಅನಂತರ ಪರಿತಪಿಸುವವರು ಅನೇಕರಿದ್ದಾರೆ. ಈ ಲೇಖಕನೂ ಅವರಲ್ಲಿ ಒಬ್ಬನು.

ನನ್ನ ಮದುವೆ ನಡೆದುದು 1993ರಲ್ಲಿ. ಅದರ ಚಿತ್ರಗಳು ಎರಡು ಕ್ಯಾಸೆಟ್ಟುಗಳಲ್ಲಿವೆ. ಮೊದಲನೆಯದರಲ್ಲಿ ಮುಹೂರ್ತ, ಎರಡನೆಯದರಲ್ಲಿ ಆರತಕ್ಷತೆ, ಮತ್ತು ಅದರ ಕೊನೆಯಲ್ಲಿ ನನ್ನ ತಂದೆಯವರು ಬಂಧುಗಳನ್ನು ಉದ್ದೇಶಿಸಿ ಆಡಿದ ನಾಲ್ಕು ಮಾತು. ತಂದೆಯವರು 1999ರಲ್ಲಿ ತೀರಿಕೊಂಡರು. ಅವರ ಭಾವಚಿತ್ರ ಗೋಡೆಯ ಮೇಲಿದೆ; ಅವರ ಅಕ್ಷರ ಪತ್ರಗಳಲ್ಲಿದೆ; ಆದರೆ ಅವರ ಕಂಠಧ್ವನಿ ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ನನ್ನ ತಾಯಿಯವರಿಗೆ ಈಗ ಎಂಬತ್ತಾರು ವರ್ಷ. ಕಳೆದ ಮಳೆಗಾಲದ ಒಂದು ಸಂಜೆ ದೀಪ ಹಚ್ಚಿ ಬಂದು ಕುಳಿತವರು, “ಅವರ ದನಿ ಹೇಗಿತ್ತು ಎಂಬುದು ನನಗೆ ಮರೆಯುತ್ತಾ ಬಂದಿದೆ. ಒಂದು ಸಲ ಕೇಳಿಸುತ್ತೀಯಾ?” ಎಂದರು. ಆಗಬಹುದೆಂದು ನಾನು ಸುಲಭವಾಗಿ ಹೇಳಿಬಿಟ್ಟೆನು. ಅಟ್ಟದಲ್ಲಿ ವಿ.ಸಿ.ಆರ್. ಯಂತ್ರವಿದ್ದಿತು, ಮೇಜಿನ ಮೇಲೆ ಮಗನು ಬಿಟ್ಟುಹೋಗಿದ್ದ ಕಂಪ್ಯೂಟರಿನ ಮಾನಿಟರಿದ್ದಿತು. ಎರಡಕ್ಕೂ ನಡುವೆ ಒಂದು ತಂತಿ ಸಾಕೆಂಬುದೇ ನನ್ನ ತಿಳಿವಳಿಕೆಯಾಗಿದ್ದಿತು. ಆ ತಿಳಿವಳಿಕೆ ತಪ್ಪೆಂದು ಅರಿಯಲು ನನಗೆ ಮೂರು ವಾರಗಳು ಹಿಡಿದುವು. ಓದುಗರಿಗೆ ಅಷ್ಟು ಕಾಲ ಹಿಡಿಯದಿರಲೆಂದೇ ಈ ಬರಹ.

ಪೇಟೆಯ ಅಂಗಡಿಯೊಂದರಲ್ಲಿ ಒಂದು ತುದಿಗೆ ಹಳದಿಯ ಮೊಳೆಯೂ ಮತ್ತೊಂದು ತುದಿಗೆ ಮಾನಿಟರಿಗೆ ಹೊಂದುವ ಹದಿನೈದು ಕಡ್ಡಿಗಳ ಮುಖವೂ ಇರುವ ತಂತಿಯನ್ನು ಕೊಟ್ಟರು. ಎರಡು ತುದಿಗಳೂ ಸರಿಯಾಗಿ ಕುಳಿತುವು. ತೆರೆ ಮಾತ್ರ ಕಪ್ಪಾಗಿಯೇ ಉಳಿದು, ಸಂಕೇತವು ತನ್ನ ವ್ಯಾಪ್ತಿಗೆ ಹೊರಗಿದೆ ಎಂದು ಬರೆದು ತೋರಿಸಿತು. ಇದರ ಕಾರಣವನ್ನು ತಿಳಿದರೆ ಮುಂದಿನದೆಲ್ಲವೂ ಸುಲಭವಾಗುವುದು.

ಹಳೆಯ ಟೆಲಿವಿಷನ್ನಿನ ಚಿತ್ರವೆಂಬುದು ಸಾಲುಸಾಲಾಗಿ ಬರೆಯಲ್ಪಡತಕ್ಕುದು. ನಮ್ಮ ದೇಶವು ಅನುಸರಿಸಿದ ಪಾಲ್ ಎಂಬ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲುಗಳು. ಸೆಕೆಂಡಿಗೆ 25 ಚಿತ್ರಗಳು. ಗುಣಿಸಿ ನೋಡಿದರೆ ಸೆಕೆಂಡಿಗೆ 15,625 ಸಾಲುಗಳಾಗುವುವು. ಇಷ್ಟೇ ಅಲ್ಲದೆ, ಈ ಸಾಲುಗಳನ್ನು ಮೊದಲು ಒಂದು ಬಿಟ್ಟು ಒಂದರಂತೆ ಬರೆದು, ಅನಂತರ ಬಿಟ್ಟುಹೋದವುಗಳನ್ನು ತುಂಬುವ ಕ್ರಮವಿದೆ. ಕಂಪ್ಯೂಟರಿನ ಮಾನಿಟರಿನ ರೀತಿಯೇ ಬೇರೆ. 1987ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಬಳಕೆಗೆ ತಂದ ವಿ.ಜಿ.ಎ. ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 31,500 ಸಾಲುಗಳು, ಎಂದರೆ ಹಳೆಯದರ ಇಮ್ಮಡಿ. ಅದೂ ಒಂದನ್ನೂ ಬಿಡದೆ ಅನುಕ್ರಮವಾಗಿ. ಅಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಬೇರೆಬೇರೆ ತಂತಿಗಳು. ಇಲ್ಲಿ ಬೆಳಕು, ಬಣ್ಣ, ಕಾಲಸೂಚನೆಗಳೆಲ್ಲವೂ ಹಳದಿಯ ಮೊಳೆಯ ಒಂದೇ ತಂತಿಯಲ್ಲಿ ಮಿಶ್ರವಾಗಿ ಬರುವುವು. ಈಚಿನ ಹೆಚ್.ಡಿ.ಎಂ.ಐ. ಎಂಬ ಮಾರ್ಗದಲ್ಲಾದರೋ ಚಿತ್ರವು ಅಂಕಿಗಳ ರೂಪವನ್ನೇ ತಾಳಿ ಹರಿಯುತ್ತದೆ.

ವ್ಯಾಕರಣದ ಪಾಠ ಹೇಳಿದವನಿಗೆ ಇಲ್ಲಿ ಆಗಮಸಂಧಿಯ ನೆನಪಾಗದೆ ಇರದು. ‘ಮನೆ’ ಎಂಬುದಕ್ಕೆ ‘ಅನ್ನು’ ಎಂಬುದನ್ನು ನೇರವಾಗಿ ಸೇರಿಸಲಾಗದು. ನಡುವೆ ಒಂದು ಯಕಾರ ಬಂದರೆ ಮಾತ್ರ ‘ಮನೆಯನ್ನು’ ಎಂದಾಗುತ್ತದೆ. ಹಾಗೆಯೇ ವಿ.ಸಿ.ಆರ್.ಗೂ ಮಾನಿಟರಿಗೂ ನಡುವೆ ಸಾಲುಗಳನ್ನು ಎಣಿಸಿ, ಇಮ್ಮಡಿಸಿ, ಭಾಷಾಂತರಿಸುವ ಪೆಟ್ಟಿಗೆಯೊಂದು ಬೇಕು. ಬರಿಯ ತಂತಿಯು ಭಾಷಾಂತರ ಮಾಡಲಾರದು. ಹಳದಿ ಮೊಳೆಯನ್ನು ನೇರವಾಗಿ ಮಾನಿಟರಿಗೆ ಸೇರಿಸುತ್ತೇವೆನ್ನುವ ಅಗ್ಗದ ತಂತಿಗಳನ್ನು ಯಾರೂ ಕೊಳ್ಳಬಾರದು.

ಇದನ್ನು ತಿಳಿದ ಮೇಲೂ ನಾನು ಎರಡನೆಯ ಸಲ ಎಡವಿದೆನು. ಪರಿವರ್ತಕವೆಂಬ ಈ ಪೆಟ್ಟಿಗೆಯಲ್ಲಿ ಎರಡು ಜಾತಿಗಳಿವೆ. ಒಂದು ಎ.ವಿ.ಯಿಂದ ಹೆಚ್.ಡಿ.ಎಂ.ಐ.ಗೆ ಹೋಗತಕ್ಕುದು, ಇನ್ನೊಂದು ಹೆಚ್.ಡಿ.ಎಂ.ಐ.ಯಿಂದ ಎ.ವಿ.ಗೆ ಬರತಕ್ಕುದು. ನೋಡಲು ಎರಡೂ ಅವಳಿಜವಳಿಗಳಂತಿವೆ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು. ಪದಗಳ ಸ್ಥಾನ ಬದಲಾದರೆ ಅರ್ಥವೂ ಬದಲಾಗುವುದೆಂದು ಮಕ್ಕಳಿಗೆ ಅಷ್ಟು ವರ್ಷ ಪಾಠ ಹೇಳಿದ ನಾನೇ ಚೀಟಿಯನ್ನು ಓದದೆ ತಿರುಗುಮುರುಗಾದುದನ್ನು ತಂದಿದ್ದೆನು. ನಮಗೆ ಬೇಕಾದುದು ಎ.ವಿ. ಎಂಬುದು ಒಳಬಾಗಿಲಾಗಿಯೂ ಹೆಚ್.ಡಿ.ಎಂ.ಐ. ಎಂಬುದು ಹೊರಬಾಗಿಲಾಗಿಯೂ ಇರುವ ಪೆಟ್ಟಿಗೆ. ಕೊಳ್ಳುವಾಗ ಇದನ್ನು ಎರಡು ಸಲ ಓದಿಕೊಳ್ಳತಕ್ಕದ್ದು.

ಇನ್ನು ಜೋಡಿಸುವ ಕ್ರಮ. ಮೊದಲು ಎಲ್ಲ ಯಂತ್ರಗಳ ವಿದ್ಯುತ್ತನ್ನೂ ನಿಲ್ಲಿಸಿರಿ. ವಿ.ಸಿ.ಆರ್.ನ ಬೆನ್ನಿನಲ್ಲಿ ‘ಔಟ್’ ಎಂದು ಬರೆದಿರುವ ಕಡೆ ಹಳದಿಯನ್ನು ಚಿತ್ರಕ್ಕೂ, ಬಿಳಿಯನ್ನು ಎಡಧ್ವನಿಗೂ, ಕೆಂಪನ್ನು ಬಲಧ್ವನಿಗೂ ಸೇರಿಸಿ, ಅವುಗಳ ಮತ್ತೊಂದು ತುದಿಗಳನ್ನು ಪರಿವರ್ತಕದ ಅದೇ ಬಣ್ಣದ ರಂಧ್ರಗಳಿಗೆ ಕೂಡಿಸಬೇಕು. ಹಳೆಯ ಯಂತ್ರಗಳಲ್ಲಿ ಧ್ವನಿಗೆ ಒಂದೇ ರಂಧ್ರವಿದ್ದರೆ ಬಿಳಿಯೊಂದೇ ಸಾಕು. ಪರಿವರ್ತಕಕ್ಕೆ ಐದು ವೋಲ್ಟಿನ ವಿದ್ಯುತ್ತು ಬೇಕು. ಮೊಬೈಲಿನ ಚಾರ್ಜರು ಈ ಕೆಲಸವನ್ನು ಮಾಡಬಲ್ಲದು. ವಿದ್ಯುತ್ತಿನ ತಂತಿಯನ್ನು ಮರೆತು ಪೆಟ್ಟಿಗೆಯೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರುಂಟು. ಪರಿವರ್ತಕದಿಂದ ಮಾನಿಟರಿಗೆ ಹೆಚ್.ಡಿ.ಎಂ.ಐ. ತಂತಿ, ಅನಂತರ ಮಾನಿಟರಿನ ಗುಂಡಿಯನ್ನೊತ್ತಿ ಅದೇ ಮಾರ್ಗವನ್ನು ಆರಿಸಿಕೊಳ್ಳುವುದು.

ನಿಮ್ಮ ಮಾನಿಟರಿನಲ್ಲಿ ಹೆಚ್.ಡಿ.ಎಂ.ಐ. ಇಲ್ಲದೆ ಡಿ.ವಿ.ಐ. ಎಂಬ ಅಗಲಮುಖದ ರಂಧ್ರವಿದ್ದರೆ, ಎರಡೂ ಒಂದೇ ಕುಲದವಾದುದರಿಂದ ಸಣ್ಣ ಜೋಡಕವೊಂದೇ ಸಾಕು. ಚಿತ್ರ ಬರುವುದು, ಧ್ವನಿ ಮಾತ್ರ ಬಾರದು. ವಿ.ಜಿ.ಎ. ಮಾತ್ರವಿದ್ದರೆ ಹಳದಿಯಿಂದ ವಿ.ಜಿ.ಎ.ಗೆ ಮಾಡುವ ಬೇರೆ ಪರಿವರ್ತಕಗಳು ದೊರೆಯುತ್ತವೆ. ಅಲ್ಲಿಯೂ ಧ್ವನಿಗೆ ಪ್ರತ್ಯೇಕ ವ್ಯವಸ್ಥೆ ಬೇಕು. ಅನೇಕ ಮಾನಿಟರುಗಳಲ್ಲಿ ಧ್ವನಿಪೆಟ್ಟಿಗೆಯೇ ಇರುವುದಿಲ್ಲವೆಂಬುದನ್ನು ಮರೆಯಬಾರದು. ಬಿಳಿ ಕೆಂಪು ತಂತಿಗಳನ್ನು ಮನೆಯ ಸ್ಪೀಕರಿಗೆ ನೇರವಾಗಿ ಕೊಟ್ಟರೆ ಈ ತೊಡಕು ನಿವಾರಣೆಯಾಗುವುದು. ಇನ್ನೊಂದು ಮಾತು: ಲ್ಯಾಪ್‌ಟಾಪಿನಲ್ಲಿರುವ ಹೆಚ್.ಡಿ.ಎಂ.ಐ. ರಂಧ್ರವು ಸಾಮಾನ್ಯವಾಗಿ ಹೊರಬಾಗಿಲೇ ಹೊರತು ಒಳಬಾಗಿಲಲ್ಲ. ಅದಕ್ಕೆ ವಿ.ಸಿ.ಆರ್. ಸೇರಿಸಿ ಎಷ್ಟು ಹೊತ್ತು ಕಾದರೂ ಫಲವಿಲ್ಲ.

ಪ್ರೊಜೆಕ್ಟರಿನ ವಿಷಯದಲ್ಲಿ ಅದೃಷ್ಟವು ಸ್ವಲ್ಪ ಹೆಚ್ಚು. ಶಾಲೆ, ಸಭಾಭವನಗಳಲ್ಲಿರುವ ಹಳೆಯ ಪ್ರೊಜೆಕ್ಟರುಗಳಲ್ಲಿ ಅನೇಕಕ್ಕೆ ಹಳದಿಯ ರಂಧ್ರವೇ ಇರುತ್ತದೆ. ಒಳಗೇ ಭಾಷಾಂತರಕಾರನು ಕುಳಿತಿದ್ದಾನೆ. ಆದರೆ ಬಂಧುಗಳನ್ನೆಲ್ಲ ಕರೆದು ಗೋಡೆಯ ತುಂಬ ಚಿತ್ರ ಬಿಡುವವರು ಒಂದನ್ನು ಮನಸ್ಸಿನಲ್ಲಿಡಬೇಕು. ಕ್ಯಾಸೆಟ್ಟಿನ ಚಿತ್ರದ ಸೂಕ್ಷ್ಮತೆ ಸುಮಾರು 240 ರೇಖೆಗಳಷ್ಟು ಮಾತ್ರ. ಅದನ್ನು ಹತ್ತಡಿಗೆ ಹಿಗ್ಗಿಸಿದರೆ ಮುಖಗಳು ಮಂಜಾಗುತ್ತವೆ. ನಾಲ್ಕೈದು ಅಡಿಯ ಅಗಲವೇ ಸುಂದರ, ಕೋಣೆ ಕತ್ತಲಾಗಿರಲಿ, ಬಿಳಿಯ ಪಂಚೆಯನ್ನು ಸುಕ್ಕಿಲ್ಲದಂತೆ ಬಿಗಿದರೆ ತೆರೆಯಾಯಿತು. ಮಾನಿಟರಾಗಲಿ ಪ್ರೊಜೆಕ್ಟರಾಗಲಿ, ಚಿತ್ರದ ಪ್ರಮಾಣವನ್ನು ನಾಲ್ಕಕ್ಕೆ ಮೂರು ಎಂದು ಇಡತಕ್ಕದ್ದು. ಹಾಗೆ ಮಾಡದಿದ್ದರೆ ಹೊಸ ಯಂತ್ರವು ಅಗಲವನ್ನು ಎಳೆದು, ನಮ್ಮ ತೆಳ್ಳಗಿನ ಅತ್ತೆಯರನ್ನೂ ಚಿಕ್ಕಮ್ಮಂದಿರನ್ನೂ ಸ್ಥೂಲಕಾಯರನ್ನಾಗಿ ಮಾಡಿಬಿಡುತ್ತದೆ. ಅದರಿಂದ ಮನೆಯಲ್ಲಿ ಕಲಹವಾದೀತು. ಅಮೆರಿಕದಲ್ಲಿರುವ ಬಂಧುಗಳು ಹಿಂದೆ ಕಳುಹಿಸಿದ ಕ್ಯಾಸೆಟ್ಟುಗಳಾದರೆ ಅವು 525 ಸಾಲುಗಳ ಬೇರೆ ಪದ್ಧತಿಯವು. ಎರಡು ಪದ್ಧತಿಗಳನ್ನೂ ಬಲ್ಲ ವಿ.ಸಿ.ಆರ್. ಬೇಕು.

ಇಷ್ಟು ಹೊತ್ತು ಯಂತ್ರದ ಮಾತಾಯಿತು. ಕ್ರಮವಾಗಿ ಮೊದಲು ಹೇಳಬೇಕಾಗಿದ್ದ ಸಂಗತಿಯನ್ನು ಈಗ ಹೇಳುತ್ತೇನೆ. ಏಕೆಂದರೆ ನಾನು ಅದನ್ನು ಕಲಿತುದೇ ಕಡೆಯಲ್ಲಿ. ಕ್ಯಾಸೆಟ್ಟಿನ ಒಳಗಿರುವುದು ಅರ್ಧ ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತಗುಣವುಳ್ಳ ಕಣಗಳ ಲೇಪ. ಯಂತ್ರದೊಳಗೆ ಲೋಹದ ಡೋಲೊಂದು ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಈ ಪಟ್ಟಿಯನ್ನು ಸವರಿ ಓದುತ್ತದೆ. ನಮ್ಮದು ಮಲೆನಾಡಿನ ಊರು. ಎಷ್ಟೋ ಮಳೆಗಾಲಗಳ ತೇವವನ್ನು ಕುಡಿದ ಮೊದಲನೆಯ ಕ್ಯಾಸೆಟ್ಟಿನ ಕಿಟಕಿಯಲ್ಲಿ ಪಟ್ಟಿಯ ಸುರುಳಿಯ ಮೇಲೆ ಹಿಟ್ಟಿನಂತಹ ಬಿಳುಪಿದ್ದಿತು. ಅದನ್ನು ಧೂಳೆಂದು ಭಾವಿಸಿ ಯಂತ್ರಕ್ಕೆ ಹಾಕಿದೆನು. ಅದು ಧೂಳಲ್ಲ, ಬೂಷ್ಟು. ಎರಡು ನಿಮಿಷದಲ್ಲಿ ಪಟ್ಟಿಯು ಅಂಟಿಕೊಂಡು, ಡೋಲಿಗೆ ಸುತ್ತಿ, ಕಡಿದುಹೋಯಿತು. ಕುಶಲಿಯಾದ ಒಬ್ಬ ಯಂತ್ರಜ್ಞನು ಅದನ್ನು ಬಿಡಿಸಿ, ತಕ್ಕ ಪಟ್ಟಿಯಿಂದ ಜೋಡಿಸಿಕೊಟ್ಟನು. ಆದರೂ ಧಾರೆಯೆರೆದ ಭಾಗ ಪೂರ್ತಿ ನಷ್ಟವಾಯಿತು. ನಾನು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ನನ್ನ ಪತ್ನಿಯು, “ಧಾರೆ ನಮ್ಮಿಬ್ಬರಿಗೂ ನೆನಪಿದೆ. ಮಾವನವರ ದನಿಯನ್ನು ಉಳಿಸಿ” ಎಂದಳು.

ಆದುದರಿಂದ ಓದುಗರಲ್ಲಿ ವಿಜ್ಞಾಪನೆ ಏನೆಂದರೆ, ಬಿಳಿಯ ಬೂಷ್ಟು ಕಂಡ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲೇಬೇಡಿರಿ. ಶುಚಿ ಮಾಡಬಲ್ಲವರ ಕೈಗೆ ಕೊಡಿರಿ. ಶುದ್ಧವಾಗಿರುವುದನ್ನೂ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಸುತ್ತಿ, ಹಿಂದಕ್ಕೆ ಸುತ್ತಿ, ಅನಂತರ ನೋಡಿರಿ. ಬೆನ್ನಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟರೆ ಅದರ ಮೇಲೆ ಅಕಸ್ಮಾತ್ತಾಗಿ ಬೇರೆ ಚಿತ್ರ ಮುದ್ರಿತವಾಗುವ ಭಯವಿಲ್ಲ. ಮೊದಲ ಪ್ರಯೋಗವನ್ನು ಪ್ರಿಯವಾದ ಕ್ಯಾಸೆಟ್ಟಿನಿಂದ ಮಾಡದೆ, ಹೋದರೂ ಚಿಂತೆಯಿಲ್ಲದ ಯಾವುದಾದರೂ ಹಳೆಯ ಸಿನಿಮಾದಿಂದ ಮಾಡಿರಿ.

ಎರಡನೆಯ ಕ್ಯಾಸೆಟ್ಟನ್ನು ಅದೇ ಯಂತ್ರಜ್ಞನಿಂದ ಶುಚಿ ಮಾಡಿಸಿ, ಸರಿಯಾದ ಪರಿವರ್ತಕವನ್ನು ನಡುವೆ ಇಟ್ಟು, ಒಂದು ಭಾನುವಾರ ಮಧ್ಯಾಹ್ನ ಹಾಕಿದೆವು. ಚಿತ್ರವು ಆಗಾಗ ನಡುಗಿತು. ಒಂದೆರಡು ಸಲ ತೆರೆ ನೀಲಿಯಾಯಿತು. ಹಳೆಯ ಟೆಲಿವಿಷನ್ನು ಕ್ಯಾಸೆಟ್ಟಿನ ಕುಂಟುನಡೆಯನ್ನು ಸಹಿಸಿಕೊಳ್ಳುತ್ತಿದ್ದಿತು; ಅಂಕಿಗಳ ಯಂತ್ರಕ್ಕೆ ಅಷ್ಟು ತಾಳ್ಮೆಯಿಲ್ಲ. ಟ್ರ್ಯಾಕಿಂಗ್ ಗುಂಡಿಯನ್ನು ತಿರುಗಿಸಿದ ಮೇಲೆ ಸ್ಥಿರವಾಯಿತು. ತಂದೆಯವರು ಎದ್ದು ನಿಂತು, ಕೆಮ್ಮಿ, ಬಂದವರೆಲ್ಲರೂ ಊಟ ಮಾಡಿಯೇ ಹೋಗಬೇಕೆಂದೂ, ಕೊನೆಯ ಬಸ್ಸು ಒಂಬತ್ತು ಗಂಟೆಗೆ ಇದೆಯೆಂದೂ ಹೇಳಿದರು. ಅದೇ ಅವರ ಭಾಷಣ. ತಾಯಿಯವರಿಗೆ ಕಣ್ಣು ಮಂದ. ಅವರು ತೆರೆಯ ಕಡೆ ನೋಡಲಿಲ್ಲ. ಸ್ಪೀಕರಿನ ಕಡೆಗೆ ಕಿವಿಕೊಟ್ಟು ಕುಳಿತಿದ್ದರು. ಮುಗಿದ ಮೇಲೆ, “ಆ ಕೆಮ್ಮು ಅವರದೇ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಹಾಕೆಂದರು.

ಕ್ಯಾಸೆಟ್ಟನ್ನು ಹೀಗೆ ಮತ್ತೆಮತ್ತೆ ತಿರುಗಿಸುವುದು ಕ್ಷೇಮವಲ್ಲ. ಅದಕ್ಕಾಗಿ ಆ ವಾರವೇ ಯು.ಎಸ್.ಬಿ. ಮೂಲಕ ಕಂಪ್ಯೂಟರಿಗೆ ಚಿತ್ರವನ್ನು ಸೆರೆಹಿಡಿಯುವ ಸಣ್ಣ ಸಾಧನವೊಂದನ್ನು ತಂದು ಪ್ರತಿ ಮಾಡಿಟ್ಟೆನು. ಇದಕ್ಕೂ ಅದೇ ಹಳದಿ, ಬಿಳಿ, ಕೆಂಪು ತಂತಿಗಳು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಹಿಡಿಯುತ್ತದೆ, ಅವಸರಕ್ಕೆ ಉಪಾಯವಿಲ್ಲ. ಹೆಚ್ಚು ಕುಗ್ಗಿಸದ ಡಿ.ವಿ. ಎಂಬ ರೂಪದಲ್ಲಿ ಇಟ್ಟರೆ ಗಂಟೆಗೆ ಸುಮಾರು 13 ಗಿಗಾಬೈಟು ಸ್ಥಳ ಬೇಕು. ಒಂದು ಪ್ರತಿ ಮನೆಯಲ್ಲಿಯೂ, ಒಂದು ಬೇರೆ ಊರಿನಲ್ಲಿರುವ ಮಕ್ಕಳ ಬಳಿಯಲ್ಲಿಯೂ ಇರಲಿ.

ಜಪಾನಿನ ಫುನಾಯ್ ಸಂಸ್ಥೆಯು 2016ರ ಜುಲೈ ತಿಂಗಳಿನಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಹಾಗೆ ಮಾಡುತ್ತಿದ್ದವರಲ್ಲಿ ಅದೇ ಕೊನೆಯದೆಂದು ಆಗ ಪತ್ರಿಕೆಗಳು ಬರೆದುವು. ಈಗ ನಮ್ಮಲ್ಲಿರುವ ಯಂತ್ರಗಳು ಸವೆಯುತ್ತಿವೆ. ಅವನ್ನು ದುರಸ್ತಿ ಮಾಡಬಲ್ಲವರಿಗೆ ವಯಸ್ಸಾಗುತ್ತಿದೆ. ಪಟ್ಟಿಯ ಲೇಪವು ಪ್ರತಿಯೊಂದು ಮಳೆಗಾಲದಲ್ಲಿಯೂ ಸಡಿಲವಾಗುತ್ತಿದೆ. ಈ ಮೂರೂ ಕೂಡಿರುವ ಕಾಲ ಇನ್ನು ಹೆಚ್ಚಾಗಿ ಉಳಿದಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ, ಬಿಸಿಲಿರುವ ಒಂದು ದಿವಸ ನೋಡಿ, ಗೃಹಸ್ಥರು ತಮ್ಮ ಅಟ್ಟವನ್ನು ಹತ್ತಿ ಆ ಕರಿಯ ಪೆಟ್ಟಿಗೆಗಳನ್ನು ಕೆಳಗಿಳಿಸುವುದು ಒಳ್ಳೆಯದು.