ಬೆಕ್ಕಿನ ಹೊಟ್ಟೆಯೊಳಗೆ ಇಣುಕುವ ಶಬ್ದ

ಬಸವಕಲ್ಯಾಣ, ಹುಮನಾಬಾದ್‌ಗಳ ಮನೆಗಳಿಗೆ ಬೆಕ್ಕು ಹೊಸ ಅತಿಥಿಯಲ್ಲ. ಜೋಳದ ಚೀಲವನ್ನು ಇಲಿಯಿಂದ ಕಾಯುವ ಈ ಪ್ರಾಣಿ ಕಾಯಿಲೆ ಬಿದ್ದಾಗ ಮಾತ್ರ ಗಮನಿಸುವವರು ಕಡಿಮೆ. ಗಂಡು ಬೆಕ್ಕು ಮೂಲೆಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕುತ್ತದೆ, ನೋವಿನಿಂದ ಕೂಗುತ್ತದೆ. ಮಲಬದ್ಧತೆ ಇರಬೇಕೆಂದು ಮನೆಯವರು ಹರಳೆಣ್ಣೆ ಕುಡಿಸಿ ಸುಮ್ಮನಾಗುತ್ತಾರೆ. ಆದರೆ ಕಟ್ಟಿಕೊಂಡಿರುವುದು ಮೂತ್ರವೂ ಆಗಿರಬಹುದು!

ಗಂಡು ಬೆಕ್ಕಿನಲ್ಲಿ ಮೂತ್ರ ಹೊರಹೋಗುವ ನಾಳ ಬಲು ಕಿರಿದು. ಮರಳಿನಂಥ ಹರಳುಗಳೂ ಲೋಳೆಯೂ ಸೇರಿ ಅದನ್ನು ಬಿರಡೆಯಂತೆ ಮುಚ್ಚಿಬಿಡಬಲ್ಲವು. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನಗಳಲ್ಲಿ ಬೆಕ್ಕು ಸಾಯಬಹುದು.

ಹೊಟ್ಟೆ ಕೊಯ್ಯದೆ ಒಳಗಿನ ಸ್ಥಿತಿ ತಿಳಿಯಲು ವೈದ್ಯರಿಗೆ ನೆರವಾಗುವುದು ಅಲ್ಟ್ರಾಸೌಂಡ್, ಅಂದರೆ ಶ್ರವಣಾತೀತ ಶಬ್ದ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಬೆಕ್ಕಿನ ಕಿವಿ 60,000ವನ್ನೂ ದಾಟುತ್ತದೆ. ಬೆಕ್ಕಿನ ಸ್ಕ್ಯಾನಿಂಗ್‌ಗೆ ಬಳಸುವ ಶಬ್ದದ ಕಂಪನಗಳು ಸಾಮಾನ್ಯವಾಗಿ 75 ಲಕ್ಷಕ್ಕೂ ಹೆಚ್ಚು. ಅದು ಬೆಕ್ಕಿಗೂ ಕೇಳದು. ಒತ್ತಡಕ್ಕೆ ಒಳಗಾದ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುವುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ತೋರಿಸಿದರು. ಸ್ಕ್ಯಾನಿಂಗ್ ಉಪಕರಣದ ಮೂಲತತ್ತ್ವ ಇದೇ.

ದೇಹದ ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. 3 ಸೆಂ.ಮೀ. ಆಳದ ಕಲ್ಲಿಗೆ ಬಡಿದು ಮರಳಲು ಅದು ಕ್ರಮಿಸಬೇಕಾದ ದೂರ 6 ಸೆಂ.ಮೀ. ಅದಕ್ಕೆಷ್ಟು ಹೊತ್ತು? ಸೆಕೆಂಡಿನ ಲಕ್ಷ ಭಾಗಗಳಲ್ಲಿ ಸುಮಾರು ನಾಲ್ಕು! ಈ ಪ್ರತಿಧ್ವನಿಗಳನ್ನೇ ಯಂತ್ರ ಚಿತ್ರವಾಗಿಸುತ್ತದೆ. ಮೂತ್ರ ತುಂಬಿದ ಮೂತ್ರಕೋಶ ಕಪ್ಪಾಗಿ ಕಾಣುತ್ತದೆ. ಕಲ್ಲು ಬಿಳಿಯಾಗಿ ಹೊಳೆದು, ತನ್ನ ಹಿಂದೆ ಕಪ್ಪು ನೆರಳು ಬೀಳಿಸುತ್ತದೆ. ಮೂತ್ರಕೋಶದ ಗೋಡೆ ದಪ್ಪವಾಗಿದೆಯೇ, ಮೂತ್ರಪಿಂಡ ಊದಿದೆಯೇ ಎಂಬುದೂ ತಿಳಿಯುತ್ತದೆ.

ಆದರೆ ಇದೊಂದೇ ಸಾಲದು. ಮೂಳೆಯನ್ನು ದಾಟಿ ಶಬ್ದ ಸರಿಯಾಗಿ ಸಾಗದ ಕಾರಣ ಹೊರನಾಳದ ಬಹುಭಾಗ ಕಾಣುವುದಿಲ್ಲ. ಎಕ್ಸ್-ರೇ, ಮೂತ್ರ ಪರೀಕ್ಷೆಗಳೂ ಬೇಕಾಗುತ್ತವೆ. ಮೂತ್ರ ಪೂರ್ತಿ ಕಟ್ಟಿದ್ದರೆ ಮೊದಲು ಅದನ್ನು ಬಿಡಿಸುವ ಚಿಕಿತ್ಸೆ, ಚಿತ್ರ ಆಮೇಲೆ.

ಹುಮನಾಬಾದ್‌ನಿಂದ ಸುಮಾರು 50 ಕಿ.ಮೀ., ಬಸವಕಲ್ಯಾಣದಿಂದ ಸುಮಾರು 80 ಕಿ.ಮೀ. ದೂರದ ಬೀದರ್‌ನಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಪಶುವೈದ್ಯಕೀಯ ಕಾಲೇಜೂ ಇವೆ. ಆದರೂ ಮೊದಲು ಕಾಣಬೇಕಾದವರು ಊರಿನ ಪಶುವೈದ್ಯರೇ. ಮುಂದೆ ಎಲ್ಲಿಗೆ ಒಯ್ಯಬೇಕೆಂದು ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಬೆಕ್ಕಿನ ಹೊಟ್ಟೆ ಒತ್ತಬಾರದು. ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು. ಹಾಗಾಗಿ ಅದು ನೀರು ಕುಡಿಯುವುದು ಕಡಿಮೆ, ಅದರ ಮೂತ್ರ ಗಾಢ. ಬೀದರ್ ಸೀಮೆಯ ಬೇಸಿಗೆಯಲ್ಲಂತೂ ಶುದ್ಧ ನೀರಿನ ಬಟ್ಟಲು ಸದಾ ತುಂಬಿರಲಿ. ಮನೆಯ ಬೆಕ್ಕು ಇಂದು ಮೂತ್ರ ಮಾಡಿತೇ ಎಂದು ಗಮನಿಸುವ ಮಕ್ಕಳ ಕಣ್ಣು ಯಾವ ಯಂತ್ರಕ್ಕೂ ಕಡಿಮೆಯಲ್ಲ.