ಗೇಲಿಕ್ ಕಾಲ್ಚೆಂಡಾಟವೂ ಐರ್ಲೆಂಡಿನ ಬಾಲಕರೂ

ಕಾಲ್ಚೆಂಡಾಟವೆಂದರೇನೆಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಮಳೆಗಾಲದ ಕೆಸರಿನಲ್ಲಿಯೂ ಚೆಂಡನ್ನು ಬಿಡದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಕಾಲಿನಿಂದ ಒದೆಯುವುದರ ಜೊತೆಗೆ ಚೆಂಡನ್ನು ಕೈಯಲ್ಲಿ ಹಿಡಿದು ಓಡಲೂ ಅವಕಾಶವಿರುವ ಕಾಲ್ಚೆಂಡಾಟವೊಂದು ಐರ್ಲೆಂಡಿನಲ್ಲಿ ಉಂಟು. ಅದಕ್ಕೆ ಗೇಲಿಕ್ ಕಾಲ್ಚೆಂಡಾಟವೆಂದು ಹೆಸರು. ಆ ದೇಶದಲ್ಲಿ ನಿಮ್ಮ ವಯಸ್ಸಿನ ಬಾಲಕರು ವರ್ಷವರ್ಷವೂ ತಮ್ಮ ತಮ್ಮ ಕೌಂಟಿಯೊಳಗೆ ಆಡುವ ‘ಮೈನರ್’ ಚಾಂಪಿಯನ್‌ಷಿಪ್ಪಿನ ವಿಷಯವನ್ನು ಇಲ್ಲಿ ತಿಳಿಸಬೇಕೆಂದಿದ್ದೇವೆ. ಕೌಂಟಿಯೆಂದರೆ ಸುಮಾರಾಗಿ ನಮ್ಮ ಜಿಲ್ಲೆ ಎನ್ನಬಹುದು. ಐರ್ಲೆಂಡ್ ದ್ವೀಪದಲ್ಲಿ ಇಂಥವು 32. ಇವುಗಳಲ್ಲಿ 26 ಐರ್ಲೆಂಡ್ ಗಣರಾಜ್ಯಕ್ಕೂ, 6 ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿಗೂ ಸೇರಿವೆ. ಆಟಕ್ಕೆ ಮಾತ್ರ ಈ ಗಡಿ ಅಡ್ಡಬಂದಿಲ್ಲ.

ಮೊದಲು ಆಟದ ಕ್ರಮವನ್ನು ನೋಡೋಣ. ಒಂದೊಂದು ತಂಡದಲ್ಲಿ 15 ಮಂದಿ. ಮೈದಾನವು ನಾವು ಕಂಡಿರುವುದಕ್ಕಿಂತ ಬಹಳ ವಿಶಾಲವಾದುದು. ಉದ್ದ 130ರಿಂದ 145 ಮೀಟರು, ಅಗಲ 80ರಿಂದ 90 ಮೀಟರು. ಚೆಂಡನ್ನು ಹಿಡಿದವನು ನಾಲ್ಕು ಹೆಜ್ಜೆಗಿಂತ ಹೆಚ್ಚು ಹೋಗುವಂತಿಲ್ಲ. ಅಷ್ಟರೊಳಗೆ ಅದನ್ನು ಒದೆಯಬೇಕು. ಇಲ್ಲವೇ ಮುಷ್ಟಿಯಿಂದಲೋ ಅಂಗೈಯಿಂದಲೋ ಹೊಡೆದು ಸಂಗಡಿಗನಿಗೆ ದಾಟಿಸಬೇಕು. ಇಲ್ಲವೇ ನೆಲಕ್ಕೆ ಪುಟಿಸಬೇಕು. ಎಸೆಯುವುದು ತಪ್ಪು, ಒಂದರ ಹಿಂದೊಂದು ಎರಡು ಬಾರಿ ಪುಟಿಸುವುದೂ ತಪ್ಪು. ಹಾಗಾದರೆ ದೂರ ಓಡುವ ಬಗೆ ಹೇಗೆ? ಚೆಂಡನ್ನು ಪಾದದ ಮೇಲೆ ಬಿಟ್ಟು, ಕಾಲಿನ ತುದಿಯಿಂದ ಮೆಲ್ಲನೆ ಚಿಮ್ಮಿಸಿ, ಮತ್ತೆ ಕೈಗೆ ತಂದುಕೊಳ್ಳಬೇಕು. ಇದನ್ನು ‘ಸೋಲೊ’ ಎನ್ನುತ್ತಾರೆ. ನಿಂತಲ್ಲಿ ಇದು ಸುಲಭವೇ. ಎದುರಾಳಿಗಳು ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಿರುವಾಗ, ಓಟವನ್ನು ನಿಲ್ಲಿಸದೆ ಮಾಡುವುದು ವರ್ಷಗಳ ಸಾಧನೆಯಿಂದ ಬರುವ ವಿದ್ಯೆ.

ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದಂತಿವೆ. ಅಡ್ಡಪಟ್ಟಿಯ ಕೆಳಗೆ ಚೆಂಡು ಬಲೆಯನ್ನು ಸೇರಿದರೆ ಗೋಲು, ಅದಕ್ಕೆ 3 ಅಂಕ. ಪಟ್ಟಿಯ ಮೇಲಿನಿಂದ ಕಂಬಗಳ ನಡುವೆ ಹಾದುಹೋದರೆ 1 ಅಂಕ. (ಹಿರಿಯರ ಪಂದ್ಯಗಳಲ್ಲಿ, 40 ಮೀಟರಿನ ಕಮಾನುಗೆರೆಯ ಹೊರಗಿನಿಂದ ಒದ್ದು ಹೀಗೆ ಹಾಯಿಸಿದವರಿಗೆ 2 ಅಂಕ ಕೊಡುವ ನಿಯಮವನ್ನು 2025ರಲ್ಲಿ ತಂದರು.) ಗೋಲುಗಳನ್ನೂ ಬಿಡಿ ಅಂಕಗಳನ್ನೂ ಬೇರೆ ಬೇರೆಯಾಗಿ ಬರೆಯುವುದು ಅಲ್ಲಿನ ಪದ್ಧತಿ. 2017ರಲ್ಲಿ ಕೆರ್ರಿ ಮತ್ತು ಡೆರಿ ಕೌಂಟಿಗಳ ನಡುವೆ ನಡೆದ ಅಖಿಲ ಐರ್ಲೆಂಡ್ ಮೈನರ್ ಅಂತಿಮ ಪಂದ್ಯದಲ್ಲಿ ಕೆರ್ರಿಯ ನಾಯಕ ಡೇವಿಡ್ ಕ್ಲಿಫರ್ಡ್ ಒಬ್ಬನೇ 4–4 ಗಳಿಸಿದನು. ಅಂದರೆ 4 ಗೋಲು, 4 ಅಂಕ, ಒಟ್ಟು 16. ಎದುರಾಳಿ ತಂಡದವರೆಲ್ಲ ಸೇರಿ ಗಳಿಸಿದ್ದು 1–8, ಅಂದರೆ 11! ಈ ಹುಡುಗ ಕಿಲಾರ್ನಿ ಪಟ್ಟಣದ ಬಳಿಯ ಫೊಸ್ಸಾ ಎಂಬ ಸಣ್ಣ ಊರಿನವನು. ಆ ಊರಿನ ಹೆಸರನ್ನು ಏಕೆ ಹೇಳಿದೆವೆಂಬುದು ಮುಂದೆ ತಿಳಿಯುವುದು.

ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಸಂಘವು 1884ನೆಯ ನವೆಂಬರ್ 1ರಂದು ಟಿಪ್ಪರೇರಿ ಕೌಂಟಿಯ ಥರ್ಲಿಸ್ ಪಟ್ಟಣದ ಹೋಟೆಲೊಂದರಲ್ಲಿ ಹುಟ್ಟಿತು. ಮುಖ್ಯ ಪ್ರವರ್ತಕ ಮೈಕಲ್ ಕ್ಯೂಸಾಕ್ ಉಪಾಧ್ಯಾಯರು. ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಹುಡುಗರನ್ನು ಸಿದ್ಧಗೊಳಿಸುವ ಪಾಠಶಾಲೆಯನ್ನು ನಡೆಸುತ್ತಿದ್ದವರು. ಆಗ ದೇಶವು ಆಂಗ್ಲರ ಆಳ್ವಿಕೆಯಲ್ಲಿತ್ತು. ತಮ್ಮ ನುಡಿಯಂತೆಯೇ ತಮ್ಮ ಆಟಗಳೂ ಮರೆಯಾಗುತ್ತಿವೆಯೆಂಬ ವ್ಯಥೆ ಅವರದು. ಆಟಕ್ಕೂ ಸ್ವಾತಂತ್ರ್ಯಕ್ಕೂ ಇದ್ದ ಈ ನಂಟಿಗೆ ರಕ್ತದ ಬೆಲೆಯನ್ನೂ ತೆರಬೇಕಾಯಿತು. 1920ನೆಯ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿದವು. ಮಡಿದ 14 ಮಂದಿಯಲ್ಲಿ 10, 11 ಮತ್ತು 14 ವರ್ಷದ ಬಾಲಕರೂ ಇದ್ದರು. ನಮ್ಮ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದು ಆಗ ಎರಡು ವರ್ಷವೂ ತುಂಬಿರಲಿಲ್ಲ.

ಇನ್ನು ಊರಿನ ಮಾತು. ಅಲ್ಲಿ ಕ್ಲಬ್ಬಿಗೆ ಆಧಾರ ಪ್ಯಾರಿಷ್, ಎಂದರೆ ಒಂದು ಇಗರ್ಜಿಗೆ ಸೇರಿದ ಹಳ್ಳಿಗಳ ಸಮೂಹ. ಹುಡುಗನು ಎಲ್ಲಿ ಬೆಳೆದನೋ ಅಲ್ಲಿಯ ಕ್ಲಬ್ಬಿಗೇ ಆಡುವುದು ರೂಢಿ. ಪಕ್ಕದ ಊರಿನ ತಂಡ ಬಲವಾಗಿದೆಯೆಂದು ಅತ್ತ ಹಾರಲು ನಿಯಮಗಳು ಸುಲಭವಾಗಿ ಬಿಡವು. ಯಾರಿಗೂ ಸಂಬಳವಿಲ್ಲ. ಕ್ರೋಕ್ ಪಾರ್ಕಿನಲ್ಲಿ 82,000 ನೋಟಕರ ಮುಂದೆ ಆಡಿದವನೂ ಮರುದಿನ ಶಾಲೆಯಲ್ಲಿ ಪಾಠ ಹೇಳುವವನೋ ಹಸು ಕರೆಯುವವನೋ ಆಗಿರುತ್ತಾನೆ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನೂ ಹಿರಿಯರು “ನಿಮ್ಮದು ಯಾವ ಊರು?” ಎಂದು ಕೇಳುವುದುಂಟಷ್ಟೆ. ಅಲ್ಲಿಯ ಹುಡುಗನ ಅಂಗಿಯ ಬಣ್ಣವೇ ಈ ಪ್ರಶ್ನೆಗೆ ಉತ್ತರ.

ಕೌಂಟಿಯ ಮೈನರ್ ಪಂದ್ಯಾಟವು ಈ ಕ್ಲಬ್ಬುಗಳ ನಡುವಿನದು. ಅಲ್ಲಿ ಹೆಸರು ಮಾಡಿದವರನ್ನು ಆರಿಸಿ ಕೌಂಟಿಯ ತಂಡವನ್ನು ಕಟ್ಟುತ್ತಾರೆ. ಕೌಂಟಿ ಕೌಂಟಿಗಳ ನಡುವಿನ ಅಖಿಲ ಐರ್ಲೆಂಡ್ ಮೈನರ್ ಪಂದ್ಯಾಟ 1929ರಲ್ಲಿ ಮೊದಲಾಯಿತು. ಆ ವರ್ಷ ಗೆದ್ದವರು ಕ್ಲೇರ್ ಕೌಂಟಿಯವರು. ನೈಋತ್ಯದ ಕಡಲಂಚಿನಲ್ಲಿರುವ ಕೆರ್ರಿಯು 2014ರಿಂದ 2018ರವರೆಗೆ ಐದು ವರ್ಷ ಬಿಡದೆ ಗೆದ್ದಿತು. ಹಿರಿಯರ ಪ್ರಶಸ್ತಿಯನ್ನಂತೂ 2025ರವರೆಗೆ 39 ಬಾರಿ ಗೆದ್ದು ಎಲ್ಲರಿಗಿಂತ ಮುಂದಿದೆ. ಆದರೆ ಆ ಕೌಂಟಿಯಲ್ಲಿ ದೊಡ್ಡ ನಗರಗಳಿಲ್ಲ. ಬೆಟ್ಟ, ಕಡಲು, ಚದುರಿದ ಹಳ್ಳಿಗಳು. 15 ಹುಡುಗರನ್ನು ಕೂಡಿಸಲಾರದ ಪ್ಯಾರಿಷ್‌ಗಳಿಗೆ ಅವರು ಹೂಡಿದ ಉಪಾಯ ಸ್ವಾರಸ್ಯವಾಗಿದೆ. ಸಣ್ಣ ಕ್ಲಬ್ಬುಗಳ ಹುಡುಗರೆಲ್ಲ ಸೇರಿ ವಿಭಾಗದ ಹೆಸರಿನಲ್ಲಿ ಕಣಕ್ಕಿಳಿಯುತ್ತಾರೆ: ದಕ್ಷಿಣ ಕೆರ್ರಿ, ಪೂರ್ವ ಕೆರ್ರಿ, ಮಧ್ಯ ಕೆರ್ರಿ ಎಂದು. ವ್ಯಾಲೆನ್ಷಿಯಾ, ವಾಟರ್‌ವಿಲ್, ಸ್ನೀಮ್ ಇವೆಲ್ಲ ದಕ್ಷಿಣ ವಿಭಾಗದವು. ಕ್ಲಿಫರ್ಡನ ಫೊಸ್ಸಾ ಪೂರ್ವದ್ದು. ಹೀಗಿಲ್ಲದಿದ್ದರೆ ಸಣ್ಣ ಊರಿನ ಜಾಣ ಆಟಗಾರನು ಯಾರ ಕಣ್ಣಿಗೂ ಬೀಳದೆ ಹೋಗಬಹುದಾಗಿತ್ತು. 1959ರಲ್ಲಿ ಕೆರ್ರಿಯ ಹಿರಿಯರ ತಂಡವನ್ನು ಗೆಲುವಿಗೆ ನಡೆಸಿದ ಮಿಕ್ ಓ’ಕಾನಲ್ ವ್ಯಾಲೆನ್ಷಿಯಾ ದ್ವೀಪದವರು. ಆಗ ದ್ವೀಪಕ್ಕೆ ಸೇತುವೆಯಿರಲಿಲ್ಲ. ಅಭ್ಯಾಸಕ್ಕೆ ಬರಬೇಕಾದಾಗ ಅವರು ದೋಣಿಗೆ ತಾವೇ ಹುಟ್ಟು ಹಾಕಿಕೊಂಡು ಬರುತ್ತಿದ್ದರು.

‘ಮೈನರ್’ ಎಂದರೆ ಎಷ್ಟು ವಯಸ್ಸು? 2017ರವರೆಗೆ 18ರೊಳಗಿನವರು, 2018ರಿಂದ ಕೌಂಟಿ ತಂಡಗಳಿಗೆ 17ರೊಳಗಿನವರು. ಈ ಬದಲಾವಣೆಗೆ ಕಾರಣವನ್ನು ಕೇಳಿದರೆ ನಮ್ಮ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯವರಿಗೆ ಆಶ್ಚರ್ಯವಾಗದು. ಅಲ್ಲಿ ಶಾಲೆಯ ಕೊನೆಯ ಪರೀಕ್ಷೆ ಜೂನ್ ತಿಂಗಳಲ್ಲಿ ಬರುತ್ತದೆ. ಪಂದ್ಯಾಟದ ಕಾಲವೂ ಅದೇ. ಚೆನ್ನಾಗಿ ಆಡುವ ಹುಡುಗನನ್ನು ಶಾಲೆಯ ತಂಡ, ಕ್ಲಬ್ಬಿನ ಮೈನರ್ ತಂಡ, ಕ್ಲಬ್ಬಿನ ಹಿರಿಯರ ತಂಡ, ಕೌಂಟಿಯ ತಂಡ ಎಲ್ಲವೂ ಎಳೆದಾಡುತ್ತಿದ್ದವು. ಮೈ ಸವೆದು, ಮನಸ್ಸು ದಣಿದು, ಇಪ್ಪತ್ತು ದಾಟುವ ಮೊದಲೇ ಗಾಯಾಳುಗಳಾದವರುಂಟು. ಸಂಘದ ಮಹಾನಿರ್ದೇಶಕರಾಗಿದ್ದ ಪಾರಿಕ್ ಡಫಿ 2015ರಲ್ಲಿ ಈ ವಿಷಯವನ್ನು ಬರೆದು ಮುಂದಿಟ್ಟರು. 2016ರ ಮಹಾಧಿವೇಶನ ಒಪ್ಪಿತು. ಎಲ್ಲರಿಗೂ ಇದು ಹಿಡಿಸಲಿಲ್ಲ. ಹದಿನೇಳು ತುಂಬಿದರೂ ಹಿರಿಯರೊಡನೆ ಸೆಣಸುವಷ್ಟು ಮೈಕಟ್ಟು ಇನ್ನೂ ಬಾರದ ಹುಡುಗನು ಆಡುವುದೆಲ್ಲಿ? ಒಂದು ವರ್ಷ ಸುಮ್ಮನೆ ಕುಳಿತವನು ಮತ್ತೆ ಮೈದಾನಕ್ಕೆ ಬಾರದೆ ಹೋದಾನು ಎಂಬ ಅವರ ಅಳುಕಿನಲ್ಲಿ ಹುರುಳಿದೆಯೆಂದೇ ನಮಗೆ ತೋರುತ್ತದೆ. ಕ್ಲಬ್ಬುಗಳ ಮಟ್ಟದಲ್ಲಿ ಕೆಲವು ಕೌಂಟಿಗಳು 18ರ ಮಿತಿಯನ್ನೇ ಮತ್ತೆ ತಂದುಕೊಂಡವು.

ಬಾಲಕಿಯರನ್ನು ಮರೆತೆವೆಂದು ನಮ್ಮ ವಿದ್ಯಾರ್ಥಿನಿಯರು ಮುನಿಯಬಾರದು. ಅವರ ಸಂಘ 1974ರಲ್ಲಿ ಅದೇ ಥರ್ಲಿಸ್‌ನಲ್ಲಿ ಸ್ಥಾಪಿತವಾಯಿತು. ಅವರಿಗೂ ಇಂಥದೇ ಪಂದ್ಯಾಟಗಳಿವೆ.

ಇಂದಿನ ದೊಡ್ಡ ಚಿಂತೆ ಬೇರೆ. ಪಶ್ಚಿಮ ತೀರದ ಹಳ್ಳಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಡಬ್ಲಿನ್ನಿಗೂ ಹೊರದೇಶಗಳಿಗೂ ಹೊರಟುಹೋದವರ ಮನೆಗಳಿಗೆ ಬೀಗ ಬಿದ್ದಿದೆ. ಡಬ್ಲಿನ್ನಿನ ಕಿಲ್‌ಮಕಡ್ ಕ್ರೋಕ್ಸ್‌ನಂತಹ ಕ್ಲಬ್ಬುಗಳಲ್ಲಿ ಸದಸ್ಯರು ಸಾವಿರಾರು. ಅಲ್ಲಿ ಹುಡುಗರಿದ್ದಾರೆ, ಮೈದಾನ ಸಾಲದು. ಹಳ್ಳಿಯಲ್ಲಿ ಮೈದಾನವಿದೆ, ಹುಡುಗರಿಲ್ಲ. ಕೆಲವು ಕೌಂಟಿಗಳು ಕೆಳದರ್ಜೆಯ ಪಂದ್ಯಗಳನ್ನು 13 ಅಥವಾ 11 ಮಂದಿಗೆ ಇಳಿಸಿವೆ. ಎಷ್ಟೋ ಕಡೆ ಅಜ್ಜಂದಿರ ಕಾಲದಿಂದ ಹಗೆ ಸಾಧಿಸಿದ ಎರಡು ಪ್ಯಾರಿಷ್‌ಗಳು ಮೈನರ್ ತಂಡಕ್ಕಾಗಿ ಒಂದಾಗಿವೆ. ಆಗ ಮೊದಲು ಏಳುವ ಜಗಳ ಅಂಗಿಯ ಬಣ್ಣ ಯಾವುದಿರಬೇಕೆಂಬುದು! ಹೀಗೆ ಜೊತೆಗೂಡಿ ಆಡಿದ ಹುಡುಗರು ಹಿರಿಯರ ವಯಸ್ಸಿಗೆ ಬಂದೊಡನೆ ತಮ್ಮ ತಮ್ಮ ಕ್ಲಬ್ಬಿಗೆ ಮರಳುತ್ತಾರೆ. ಹಿಂದಿನ ವರ್ಷ ಚೆಂಡನ್ನು ಕೈಗೆ ದಾಟಿಸಿದ ಗೆಳೆಯನೇ ಈ ವರ್ಷ ಭುಜ ಕೊಟ್ಟು ತಳ್ಳಲು ಎದುರಿಗೆ ನಿಂತಿರುತ್ತಾನೆ.