ಅರಿವಳಿಕೆಗೆ ಮುಂಚೆ ಕೇಳಬೇಕಾದ ಮಾತು

ದಕ್ಷಿಣ ಕೊರಿಯದ ರಾಜಧಾನಿ ಸೋಲ್‌ನ ಗಂಗ್ನಮ್ ಭಾಗದಲ್ಲಿ ಆಪ್ಗುಜಂಗ್ ಮೆಟ್ರೊ ನಿಲ್ದಾಣದಿಂದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಕಣ್ಣಿಗೆ ಬೀಳುವುದು ಬೋರ್ಡುಗಳ ಸಾಲು. ಒಂದು ಮಹಡಿಯಲ್ಲಿ ಮೂಗು ತಿದ್ದುವವರು, ಅದರ ಮೇಲೆ ರೆಪ್ಪೆಗೆ ಮಡಿಕೆ ಮೂಡಿಸುವವರು, ಇನ್ನೂ ಮೇಲೆ ದವಡೆ ಕಿರಿದು ಮಾಡುವವರು. ಮೂಗಿಗೆ ಪಟ್ಟಿ, ಬಾಯಿಗೆ ಮಾಸ್ಕು, ತಲೆಗೆ ಟೋಪಿ ಹಾಕಿಕೊಂಡವರು ಅಂಗಡಿಗಳಲ್ಲಿ ಆರಾಮವಾಗಿ ಸಾಮಾನು ಕೊಳ್ಳುತ್ತಿರುತ್ತಾರೆ. ಅಲ್ಲಿ ಯಾರೂ ಅವರನ್ನು ತಿರುಗಿ ನೋಡುವುದಿಲ್ಲ.

2024ರಲ್ಲಿ ಚಿಕಿತ್ಸೆಗೆಂದು ಕೊರಿಯಕ್ಕೆ ಬಂದ ವಿದೇಶಿಯರ ಸಂಖ್ಯೆ 11 ಲಕ್ಷ ದಾಟಿತು. ಅರ್ಧಕ್ಕಿಂತ ಹೆಚ್ಚಿನವರು ಬಂದದ್ದು ಚರ್ಮದ ಚಿಕಿತ್ಸೆಗೆ. ಪ್ಲಾಸ್ಟಿಕ್ ಸರ್ಜರಿಗೆ ಬಂದವರು ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಕೊರಿಯನ್ ಧಾರಾವಾಹಿ, ಬಿಟಿಎಸ್ ಹಾಡು, ಮುಖಕ್ಕೆ ಅಂಟಿಸಿಕೊಳ್ಳುವ ಶೀಟ್ ಮಾಸ್ಕುಗಳ ಬೆನ್ನಲ್ಲೇ ಈ ಬೀದಿಯ ಹೆಸರು ನಮ್ಮ ಊರುಗಳ ಹುಡುಗ ಹುಡುಗಿಯರ ಬಾಯಲ್ಲೂ ಬಂದಿದೆ. ಟಿಕೆಟ್, ಹೋಟೆಲ್ ಎರಡನ್ನೂ ಮೊಬೈಲಿನಲ್ಲೇ ಮುಗಿಸಬಹುದು. ಆದರೆ ನಿಜವಾದ ತಯಾರಿ ಇರುವುದು ಬೇರೆ ಕಡೆ.

ಮೊದಲನೆಯದಾಗಿ ಬೋರ್ಡನ್ನು ಓದುವುದು ಕಲಿಯಬೇಕು. ಕೊರಿಯದಲ್ಲಿ ವೈದ್ಯ ಲೈಸೆನ್ಸ್ ಇರುವ ಯಾರು ಬೇಕಾದರೂ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಬಹುದು. ಅದಕ್ಕೆ ಪ್ಲಾಸ್ಟಿಕ್ ಸರ್ಜರಿಯಲ್ಲೇ ತಜ್ಞ ಪದವಿ ಇರಬೇಕೆಂದಿಲ್ಲ. ವ್ಯತ್ಯಾಸ ಗೊತ್ತಾಗುವುದು ಬೋರ್ಡಿನಲ್ಲಿ. ತಜ್ಞರ ಕ್ಲಿನಿಕ್ಕಾದರೆ ಹೆಸರಿನೊಳಗೇ ‘ಸೊಂಗ್‌ಹ್ಯೊಂಗ್ ವೆಗ್ವಾ’, ಅಂದರೆ ಪ್ಲಾಸ್ಟಿಕ್ ಸರ್ಜರಿ ಎಂಬ ಪದ ಇರುತ್ತದೆ. ತಜ್ಞರಲ್ಲದವರು ಹೆಸರಿನಲ್ಲಿ ಬರೀ ಕ್ಲಿನಿಕ್ ಎಂದಷ್ಟೇ ಹಾಕಿಕೊಳ್ಳಬಹುದು. ಪಕ್ಕದಲ್ಲಿ ‘ಚಿಕಿತ್ಸೆಯ ವಿಷಯ: ಪ್ಲಾಸ್ಟಿಕ್ ಸರ್ಜರಿ’ ಎಂದು ಬರೆಸಬಹುದಾದರೂ ಆ ಅಕ್ಷರ ಹೆಸರಿನ ಅಕ್ಷರದ ಅರ್ಧ ಗಾತ್ರ ಮೀರಬಾರದು. ಕೊರಿಯನ್ ಬಾರದ ಪರದೇಶಿಗೆ ಈ ಸಣ್ಣ ಅಕ್ಷರ ಕಾಣಿಸುವುದೇ ಇಲ್ಲ. 2020ರ ಜನವರಿಯಲ್ಲಿ ಹಾಂಗ್‌ಕಾಂಗ್‌ನ ಶ್ರೀಮಂತ ಮನೆತನದ ಮಹಿಳೆಯೊಬ್ಬರು ಸೋಲ್‌ನಲ್ಲಿ ಕೊಬ್ಬು ತೆಗೆಸುವ ಆಪರೇಷನ್ ವೇಳೆ ತೀರಿಕೊಂಡರು. ಆಪರೇಷನ್ ಮಾಡಿದವರು ಪ್ಲಾಸ್ಟಿಕ್ ಸರ್ಜನ್ ಅಲ್ಲ, ಮೂಳೆ ವೈದ್ಯರು ಎಂಬುದು ಕುಟುಂಬದವರ ಆರೋಪವಾಗಿತ್ತು.

ಕ್ಲಿನಿಕ್ಕಿನೊಳಗೆ ಹೋದ ಮೇಲೆ ಹೆಚ್ಚು ಹೊತ್ತು ಎದುರಿಗೆ ಕೂರುವವರು ವೈದ್ಯರಲ್ಲ, ಕನ್ಸಲ್ಟೇಷನ್ ಮ್ಯಾನೇಜರು. ಮುಖವನ್ನು ಪರದೆಯ ಮೇಲೆ ತೋರಿಸಿ, ಮೂಗಿನ ಜೊತೆ ಗಲ್ಲವನ್ನೂ ಸೇರಿಸಿದರೆ ಹೇಗೆ, ಇವತ್ತೇ ಒಪ್ಪಿದರೆ ಇಷ್ಟು ರಿಯಾಯಿತಿ ಎಂದು ಲೆಕ್ಕ ಕೊಡುವವರು ಅವರೇ. ವೈದ್ಯರು ಬಂದು ಹೋಗುವುದು ಕೆಲವೇ ನಿಮಿಷ. ಆ ಕೆಲವೇ ನಿಮಿಷಗಳಲ್ಲಿ ಕೇಳಲೇಬೇಕಾದ ಒಂದು ಮಾತಿದೆ: ಮೊದಲಿನಿಂದ ಕೊನೆಯವರೆಗೆ ಆಪರೇಷನ್ ಮಾಡುವವರು ನೀವೇನಾ?

ಈ ಪ್ರಶ್ನೆಯ ಹಿಂದೆ ಒಬ್ಬ ತಾಯಿಯ ಕತೆ ಇದೆ. 2016ರ ಸೆಪ್ಟೆಂಬರಿನಲ್ಲಿ ಸೋಲ್‌ನ ಕ್ಲಿನಿಕ್ಕೊಂದರಲ್ಲಿ ದವಡೆಯ ಆಪರೇಷನ್ ಮಾಡಿಸಿಕೊಂಡ ಕಾಲೇಜು ವಿದ್ಯಾರ್ಥಿಗೆ ವಿಪರೀತ ರಕ್ತಸ್ರಾವವಾಯಿತು. ಮುಖ್ಯ ವೈದ್ಯರು ಅರ್ಧದಲ್ಲೇ ಬೇರೆ ರೋಗಿಗಳ ಬಳಿ ಹೋಗಿದ್ದರು. ಮುಂದಿನ ಕೆಲಸ ಅನುಭವವಿಲ್ಲದ ಕಿರಿಯ ವೈದ್ಯರ ಪಾಲಿಗೆ, ನೋಡಿಕೊಳ್ಳುವ ಹೊಣೆ ನರ್ಸಿಂಗ್ ಸಹಾಯಕಿಯರ ಪಾಲಿಗೆ ಬಿದ್ದಿತ್ತು. ಹುಡುಗ ಏಳು ವಾರ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಅವನ ತಾಯಿ ಆಪರೇಷನ್ ಕೋಣೆಯ ಸಿಸಿಟಿವಿ ದೃಶ್ಯವನ್ನು ಕೈಗೆ ತರಿಸಿಕೊಂಡು ನೂರಾರು ಸಲ ನೋಡಿದರು. ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು, ನೆಲದ ಮೇಲಿನ ರಕ್ತವನ್ನು ಎಷ್ಟು ಸಲ ಒರೆಸಿದರು ಎಂದು ಬರೆದಿಟ್ಟರು. ಸಂಸತ್ತಿನ ಮುಂದೆ ಒಬ್ಬರೇ ಫಲಕ ಹಿಡಿದು ನಿಂತರು.

ಆ ಹೋರಾಟದ ಫಲವಾಗಿ 2021ರ ಆಗಸ್ಟಿನಲ್ಲಿ ಹೊಸ ಕಾನೂನು ಬಂತು, 2023ರ ಸೆಪ್ಟೆಂಬರ್ 25ರಂದು ಜಾರಿಯಾಯಿತು. ರೋಗಿಯ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುವ ಕೋಣೆಗಳಲ್ಲಿ ಕ್ಯಾಮೆರಾ ಇರಲೇಬೇಕು. ರೋಗಿ ಅಥವಾ ಮನೆಯವರು ಕೇಳಿಕೊಂಡರೆ ಚಿತ್ರೀಕರಿಸಬೇಕು, ಕನಿಷ್ಠ 30 ದಿನ ಆ ದೃಶ್ಯವನ್ನು ಇಟ್ಟುಕೊಂಡಿರಬೇಕು. ಗಮನಿಸಬೇಕಾದ ಪದ ‘ಕೇಳಿಕೊಂಡರೆ’. ಕ್ಯಾಮೆರಾ ತಾನಾಗಿಯೇ ಓಡುವುದಿಲ್ಲ. ಮಂಪರಿನ ಸೂಜಿ ಚುಚ್ಚುವ ಮುಂಚೆಯೇ ಬರಹದಲ್ಲಿ ಕೇಳಿರಬೇಕು. ಜೊತೆಗೆ, ವಿದೇಶಿ ರೋಗಿಗಳನ್ನು ಕರೆಸಿಕೊಳ್ಳುವ ಕ್ಲಿನಿಕ್ಕೂ ಏಜೆಂಟನೂ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂಬ ನಿಯಮ ಅಲ್ಲಿದೆ. ಆ ನೋಂದಣಿ ಪತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ದಿನಗಳ ಲೆಕ್ಕ. ರೆಪ್ಪೆಯ ಹೊಲಿಗೆ ಬಿಚ್ಚಲು ಐದರಿಂದ ಏಳು ದಿನ, ಮೂಗಿನ ಮೇಲಿನ ಪಟ್ಟಿ ತೆಗೆಯಲು ಒಂದು ವಾರ ಬೇಕು. ಸ್ತನದ ಆಪರೇಷನ್ ಆದವರು ವಿಮಾನ ಹತ್ತಲು 5ರಿಂದ 7 ದಿನ, ಮುಖ ಅಥವಾ ಹೊಟ್ಟೆಯ ಆಪರೇಷನ್ ಆದವರು 7ರಿಂದ 10 ದಿನ ಕಾಯಬೇಕೆಂದು ಬ್ರಿಟನ್ನಿನ ವೈದ್ಯರು ಹೇಳುತ್ತಾರೆ. ಆಪರೇಷನ್ ಆದ ದೇಹದಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಅದು ಇನ್ನೂ ಹೆಚ್ಚು. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಹೀಗಿರುವಾಗ ಐದು ದಿನದ ರಜೆಯಲ್ಲಿ ಆಪರೇಷನ್, ಶಾಪಿಂಗ್, ಸುತ್ತಾಟ ಎಲ್ಲವನ್ನೂ ಮುಗಿಸಿ ಬರುವ ಯೋಜನೆ ಹಾಕಲೇಬಾರದು.

ಹೇಗೂ ಹೋಗಿದ್ದೇವೆ, ಎಲ್ಲವನ್ನೂ ಒಟ್ಟಿಗೆ ಮಾಡಿಸಿಬಿಡೋಣ ಎನ್ನುವ ಆಸೆಯೂ ಅಷ್ಟೇ ಅಪಾಯದ್ದು. ಕೆರಿಬಿಯನ್ ದೇಶ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ 2009ರಿಂದ 2022ರವರೆಗೆ ಸೌಂದರ್ಯ ಶಸ್ತ್ರಚಿಕಿತ್ಸೆಯ ನಂತರ 93 ಮಂದಿ ಅಮೆರಿಕನ್ನರು ಸತ್ತರೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲೆಕ್ಕ ಕೊಟ್ಟಿದೆ. ವಿವರವಾಗಿ ಪರಿಶೀಲಿಸಿದ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ರಕ್ತನಾಳಕ್ಕೆ ನುಗ್ಗಿದ ಕೊಬ್ಬು ಅಥವಾ ರಕ್ತದ ಹೆಪ್ಪು. ಅವರಲ್ಲಿ ಬಹುತೇಕರು ಒಂದೇ ಸಲಕ್ಕೆ ಎರಡು ಮೂರು ಆಪರೇಷನ್ ಮಾಡಿಸಿಕೊಂಡವರು.

ದೇಹದ ತಯಾರಿ ಊರಲ್ಲೇ ಶುರುವಾಗಬೇಕು. ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುವುದರಿಂದ ಗಾಯ ಕೂಡುವುದಿಲ್ಲ, ಚರ್ಮ ಕಪ್ಪಾಗಿ ಸಾಯಬಹುದು. ಆಸ್ಪಿರಿನ್, ನೋವಿನ ಮಾತ್ರೆ, ಗರ್ಭನಿರೋಧಕ ಗುಳಿಗೆ, ಮೀನೆಣ್ಣೆ, ಮನೆಯ ಕಷಾಯ ಎಲ್ಲವನ್ನೂ ಪಟ್ಟಿ ಮಾಡಿ ವೈದ್ಯರಿಗೆ ಕಳಿಸಬೇಕು. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳಲಿ. ಚಿಕ್ಕಂದಿನಲ್ಲಿ ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದ್ದರೆ ಅದರ ಫೋಟೊ ಕಳಿಸುವುದನ್ನು ಮರೆಯಬಾರದು. ಗಾಯದ ಕಲೆ ಉಬ್ಬಿ ಬೆಳೆಯುವ ಈ ಕೆಲಾಯ್ಡ್ ಸ್ವಭಾವ ನಮ್ಮಂಥ ಗೋಧಿ, ಕಪ್ಪು ಬಣ್ಣದ ಚರ್ಮದವರಲ್ಲಿ ಹೆಚ್ಚು. ಕಿವಿಯಲ್ಲಿ ಬಂದದ್ದು ಬೇರೆ ಗಾಯದ ಮೇಲೂ ಬರಬಹುದು.

ಒಬ್ಬರೇ ಹೋಗಬಾರದು. ಆಪರೇಷನ್ ಆದ ರಾತ್ರಿ ಬಾತಿದ ಕಣ್ಣು ಬಿಡಲಾಗದೆ, ಮೂಗಿನಲ್ಲಿ ಹತ್ತಿ ತುಂಬಿಕೊಂಡು ಬಾಯಲ್ಲೇ ಉಸಿರಾಡುವಾಗ ನೀರು ಕುಡಿಸಲು, ಮಾತ್ರೆಯ ಹೊತ್ತು ನೋಡಲು, ರಕ್ತ ನಿಲ್ಲದಿದ್ದರೆ ಫೋನ್ ಮಾಡಲು ಅಕ್ಕನೋ ಗೆಳತಿಯೋ ಪಕ್ಕದಲ್ಲಿರಬೇಕು. ಊತ ಇಳಿಯಲೆಂದು ಕೊರಿಯದವರು ಕುಂಬಳಕಾಯಿಯ ರಸ ಕುಡಿಯುತ್ತಾರೆ. ಅದು ಹೋಟೆಲ್ ಪಕ್ಕದ ಅಂಗಡಿಯಲ್ಲೇ ಸಿಕ್ಕೀತು, ತಂದುಕೊಡಲು ಮಾತ್ರ ಒಬ್ಬರು ಬೇಕು.

ದುಡ್ಡಿನ ವಿಷಯದಲ್ಲೂ ಸ್ಪಷ್ಟತೆ ಬೇಕು. ಅಂದಕ್ಕೆಂದು ಮಾಡಿಸಿಕೊಳ್ಳುವ ಆಪರೇಷನ್ ನಮ್ಮ ಆರೋಗ್ಯ ವಿಮೆಗಳಲ್ಲಿ ಸೇರುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ಮಾತ್ರ ವಿನಾಯಿತಿ. ಗಾಯ ಕೀವಾಗಿ ಮತ್ತೆ ಆಪರೇಷನ್ ಬೇಕಾದರೆ ಆ ಖರ್ಚು ಯಾರದು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ವಿವಾದವಾದರೆ ವಿದೇಶಿಯರೂ ದೂರು ಕೊಡಬಹುದಾದ ವೈದ್ಯಕೀಯ ವ್ಯಾಜ್ಯಗಳ ಸಂಧಾನ ಸಂಸ್ಥೆ ಕೊರಿಯದಲ್ಲಿ 2012ರಿಂದ ಕೆಲಸ ಮಾಡುತ್ತಿದೆ. ಆದರೆ ಅದರ ಮುಂದಿಡಲು ಕಾಗದ ಪತ್ರ ಇರಬೇಕು.

ಮರಳುವಾಗ ಇನ್ನೊಂದು ತೊಡಕು. ಕಣ್ಣು, ಮೂಗು, ದವಡೆ ಮೂರೂ ಬದಲಾಗಿ ಬಾತುಕೊಂಡಿರುವ ಮುಖವನ್ನು ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟಿನ ಫೋಟೊ ಜೊತೆ ಹೇಗೆ ಹೊಂದಿಸಬೇಕು? ಅದಕ್ಕೆಂದೇ ಸೋಲ್‌ನ ಕ್ಲಿನಿಕ್ಕುಗಳು ರೋಗಿಯ ಪಾಸ್‌ಪೋರ್ಟ್ ನಂಬರ್, ಕ್ಲಿನಿಕ್ಕಿನ ಹೆಸರು ಬರೆದ ಪ್ರಮಾಣಪತ್ರ ಕೊಡುತ್ತವೆ. ರೂಪ ಬದಲಾದ ಕಾರಣ ಕೊಟ್ಟು ಊರಲ್ಲಿ ಹೊಸ ಪಾಸ್‌ಪೋರ್ಟ್ ಪಡೆಯಲೂ ಅವಕಾಶವಿದೆ.

ಆ ಪ್ರಮಾಣಪತ್ರದ ಜೊತೆ ಇನ್ನೂ ಕೆಲವು ಹಾಳೆಗಳು ಕೈಚೀಲದಲ್ಲಿ ಬರಬೇಕು: ಇಂಗ್ಲಿಷಿನಲ್ಲಿ ಬರೆದ ಆಪರೇಷನ್ ವಿವರ, ಕೊಟ್ಟ ಔಷಧಗಳ ಹೆಸರು, ಮೂಗಿನಲ್ಲಿ ಕೂರಿಸಿದ ಸಿಲಿಕೋನಿನ ಬ್ರ್ಯಾಂಡು ಮತ್ತು ಲಾಟ್ ನಂಬರ್. ಮೂರು ವಾರದ ನಂತರ ಒಂದು ರಾತ್ರಿ ಜ್ವರ ಬಂದು ಮೂಗು ಕೆಂಪಾದಾಗ ಮೊದಲು ನೋಡುವವರು ದಾವಣಗೆರೆಯದೋ ಹಾಸನದ್ದೋ ವೈದ್ಯರು. ಒಳಗೆ ಏನಿದೆ, ಅದನ್ನು ಇಟ್ಟವರು ಯಾರು ಎಂದು ಅವರಿಗೆ ಹೇಳಲು ಆಗ ಇರುವುದು ಆ ಹಾಳೆಗಳೇ.